ಲಿಸ್ಟಿನ್ಯಾಗ ಹೆಸರೈತಿ, ಪತ್ರ ಬಂದಿಲ್ಲ

ನಮ್ಮ ವಿಜಯಪುರದ ಬಸ್ ನಿಲ್ದಾಣದ ಹತ್ತಿರದ ಓಣಿಯೊಂದರಲ್ಲಿ ಒಂದು ಕಿರಾಣಿ ಅಂಗಡಿ ಇದೆ. ಹೆಸರು ಹಾಕಬೇಡಿ ಎಂದು ಅಂಗಡಿಯವರೇ ಹೇಳಿದ್ದಾರೆ, ಆದ್ದರಿಂದ ಹಾಕುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಬಸ್ಸು ಹಿಡಿಯುವವರು ಅಲ್ಲಿ ನಿಂತು ಎಲೆ ಅಡಿಕೆ, ಸಾಬೂನು, ಮಕ್ಕಳಿಗೆ ಬಿಸ್ಕೀಟು ಒಯ್ಯುವುದು ದಿನದ ರೂಢಿ. 2024ರ ಶ್ರಾವಣದಿಂದ ಆ ವರ್ಷದ ಕೊನೆಯವರೆಗೆ ಈ ಗಿರಾಕಿಗಳೆಲ್ಲ ಸಾಮಾನು ಕೇಳುವ ಮೊದಲು ಕೇಳುತ್ತಿದ್ದ ಮಾತು ಒಂದೇ.

"ಸಾವ್ಕಾರ್ರ, ಹುಡುಗನ ಪತ್ರ ಬಂತೇನ್ರಿ?"

"ಇನ್ನೂ ಇಲ್ರಿ. ಬರತೈತಿ."

ದಿನಕ್ಕೆ ಇಪ್ಪತ್ತು ಸಲ ಕೇಳುವುದು, ಇಪ್ಪತ್ತು ಸಲ ಹೇಳುವುದು. ತಕ್ಕಡಿ ಹಿಡಿದ ಕೈ ಒಂದು ಗಳಿಗೆ ನಿಲ್ಲುವುದು, ಮತ್ತೆ ತೂಗುವುದು. ಕೇಳುವವರಿಗೆ ಅದು ಕುಶಲದ ಮಾತು. ಹೇಳುವವನಿಗೆ? ಅದನ್ನು ಅಪ್ಪನಾದವನೇ ಬಲ್ಲ.

ಪತ್ರ ಯಾವುದು ಎನ್ನುವಿರಾ? ಪುಣೆಯ ಹತ್ತಿರದ ಖಡಕವಾಸಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಎಲ್ಲರೂ ಎನ್‌ಡಿಎ ಎನ್ನುತ್ತಾರಲ್ಲ, ಅಲ್ಲಿಗೆ ಬಂದು ಸೇರಿಕೋ ಎಂದು ಕರೆಯುವ ಪತ್ರ. ಪಿಯುಸಿ ಮುಗಿಸಿದ ಹುಡುಗ ಅಲ್ಲಿ ಮೂರು ವರ್ಷ ಕಲಿತು, ಆಮೇಲೆ ಡೆಹ್ರಾಡೂನಿನಲ್ಲೋ ಬೇರೆ ಅಕಾಡೆಮಿಯಲ್ಲೋ ಮುಂದಿನ ತರಬೇತಿ ಮುಗಿಸಿ, ಅಧಿಕಾರಿಯಾಗಿ ಹೊರಬರುತ್ತಾನೆ. ನಮ್ಮಲ್ಲಿ ಅನೇಕರು ಇದನ್ನೂ ಮೈದಾನದಲ್ಲಿ ಓಡಿಸಿ ನೋಡುವ ಮಿಲಿಟರಿ ಭರ್ತಿಯನ್ನೂ ಒಂದೇ ಎಂದುಕೊಂಡಿದ್ದಾರೆ. ಒಂದೇ ಅಲ್ಲ. ಅದು ಜವಾನರ ಭರ್ತಿ, ಇದು ಅಧಿಕಾರಿಗಳ ಆಯ್ಕೆ. ದಾರಿ ಬೇರೆ, ಪರೀಕ್ಷೆ ಬೇರೆ. ಕಾಯುವ ಕಾಲವೂ ಬೇರೆ.

ಊರಿಗೆ ಹೊಸದಲ್ಲ

ನಮ್ಮ ಊರಿಗೆ ಈ ಆಸೆ ಹೊಸದೇನೂ ಅಲ್ಲ. 1961ರಲ್ಲಿ ಆಗಿನ ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್ ಅವರು ಸೈನಿಕ ಶಾಲೆಗಳ ಯೋಜನೆ ತಂದರು. ಸಾಮಾನ್ಯರ ಮಕ್ಕಳನ್ನೂ ಎನ್‌ಡಿಎಗೆ ಅಣಿ ಮಾಡಬೇಕೆಂಬುದು ಅದರ ಗುರಿ. ಎರಡೇ ವರ್ಷಕ್ಕೆ, 1963ರಲ್ಲಿ, ನಮ್ಮಲ್ಲಿಯೇ ಸೈನಿಕ ಶಾಲೆ ಆಯಿತು. ಕೊಡಗಿನ ಕೂಡಿಗೆಗೆ ಅಂಥ ಶಾಲೆ ಬಂದದ್ದು 2007ರಲ್ಲಿ. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನಾಡಿಗಿಂತ ನಲವತ್ತು ವರ್ಷಕ್ಕೂ ಮೊದಲು ನಮಗೆ ಸಿಕ್ಕಿತು ಎಂದು ಬೀಗುವವರು ಇಂದಿಗೂ ಕಟ್ಟೆಯ ಮೇಲೆ ಸಿಗುತ್ತಾರೆ.

ಅಂಗಡಿಯವರ ಹುಡುಗ ಮಾತ್ರ ಸೈನಿಕ ಶಾಲೆಯವನಲ್ಲ. ಊರಿನದೇ ಕನ್ನಡ ಶಾಲೆ, ಊರಿನದೇ ಪಿಯು ಕಾಲೇಜು. ಆರನೆಯ ತರಗತಿಗೆ ಸೈನಿಕ ಶಾಲೆಯ ಪರೀಕ್ಷೆ ಬರೆದಿದ್ದ, ಸಿಗಲಿಲ್ಲ. ಅಂದರೆ ಹತ್ತು ಹನ್ನೊಂದನೆಯ ವಯಸ್ಸಿಗೇ ಈ ಮನೆ ಒಂದು ಲಿಸ್ಟು ಕಾದು ನೋಡಿತ್ತು. ಆಗ ಬಿಟ್ಟ ಆಸೆಯನ್ನು ಹುಡುಗ ಬಿಟ್ಟಿರಲಿಲ್ಲ. ಬೆಳಗಿನ ಜಾವ ಐದಕ್ಕೆ ಎದ್ದು ಗೋಳಗುಮ್ಮಟದ ಕಡೆ ಓಡಿ ಬಂದು, ಏಳಕ್ಕೆ ಅಂಗಡಿ ಕಸ ಹೊಡೆದು, ಆಮೇಲೆ ಪುಸ್ತಕ.

2024ರ ಏಪ್ರಿಲ್ 18, 19ಕ್ಕೆ ಸಿಇಟಿ. ಅದರ ಬೆನ್ನಿಗೆ 21ರ ಭಾನುವಾರ ಎನ್‌ಡಿಎ ಲಿಖಿತ ಪರೀಕ್ಷೆ. ಗಣಿತಕ್ಕೆ 300 ಅಂಕ, ಇಂಗ್ಲಿಷು ಮತ್ತು ಸಾಮಾನ್ಯ ಜ್ಞಾನಕ್ಕೆ 600. ತಪ್ಪು ಉತ್ತರಕ್ಕೆ ಮೂರನೆಯ ಒಂದು ಪಾಲು ಕಡಿತ. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಹುಡುಗ ಪಾಸು.

ಇಷ್ಟಕ್ಕೇ ಓಣಿಯ ಮಂದಿ ಸಾವ್ಕಾರರ ಕೈ ಕುಲುಕಿದರು. ಆದರೆ ಇದು ಅರ್ಧ ದಾರಿ ಮಾತ್ರ. ಇನ್ನೊಂದು 900 ಅಂಕ ಬಾಕಿ ಇತ್ತು.

ಐದು ದಿನದ ಅಗ್ನಿಪರೀಕ್ಷೆ

ಆ 900 ಅಂಕ ಇರುವುದು ಎಸ್‌ಎಸ್‌ಬಿ ಎಂಬ ಆಯ್ಕೆ ಮಂಡಳಿಯ ಕೈಯಲ್ಲಿ. ಬೆಂಗಳೂರಿನಲ್ಲಿ ಒಂದು ಕೇಂದ್ರ ಇದೆ. ವಾಯುಪಡೆಯ ಮಂಡಳಿ ಮೈಸೂರಿನಲ್ಲಿಯೂ ಇದೆ. ಹುಡುಗನಿಗೆ ಬೆಂಗಳೂರಿಗೆ ಬಾ ಎಂದು ಕರೆ ಬಂತು. ಆಗಸ್ಟಿನಲ್ಲಿ ಒಂದು ಸಂಜೆ ಟ್ರಂಕಿನಲ್ಲಿ ಎರಡು ಜೊತೆ ಬಿಳಿ ಬಟ್ಟೆ, ಕ್ಯಾನ್ವಾಸ್ ಬೂಟು, ಅವ್ವ ಕಟ್ಟಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡು ರೈಲು ಹತ್ತಿದ.

ಮೊದಲ ದಿನವೇ ಒಂದು ಜರಡಿ. ಬುದ್ಧಿ ಪರೀಕ್ಷೆ, ಮಸುಕು ಚಿತ್ರವೊಂದನ್ನು ನೋಡಿ ಕತೆ ಬರೆಯುವುದು, ಅದರ ಮೇಲೆ ಚರ್ಚೆ. ಬಹಳ ಮಂದಿ ಅಂದೇ ಗಂಟುಮೂಟೆ ಕಟ್ಟುತ್ತಾರೆ. ಉಳಿದವರಿಗೆ ಎರಡನೆಯ ದಿನ ಮನಸ್ಸಿನ ಪರೀಕ್ಷೆ. ಅರವತ್ತು ಶಬ್ದ ಒಂದೊಂದಾಗಿ ತೋರಿಸಿ, ಹೊಳೆದದ್ದನ್ನು ಬರೆ ಎನ್ನುತ್ತಾರೆ. ಆಮೇಲೆ ಅರವತ್ತು ಸಂಕಟದ ಸಂದರ್ಭ ಕೊಟ್ಟು ನೀನಾದರೆ ಏನು ಮಾಡುವಿ ಎಂದು ಕೇಳುತ್ತಾರೆ, ಅದಕ್ಕೆಲ್ಲ ಅರ್ಧ ತಾಸು. ಮುಂದಿನ ಎರಡು ದಿನ ಮೈದಾನ. ಹಲಗೆ, ಹಗ್ಗ, ಪೀಪಾಯಿ ಹಿಡಿದು ಹಳ್ಳ ದಾಟುವ ಆಟ. ಇದರ ನಡುವೆ ಅಧಿಕಾರಿಯೊಬ್ಬರ ಸಂದರ್ಶನ. ಐದನೆಯ ದಿನ ಎಲ್ಲ ಅಧಿಕಾರಿಗಳೂ ಒಟ್ಟಿಗೆ ಕುಳಿತು ಒಬ್ಬೊಬ್ಬನನ್ನೇ ಒಳಗೆ ಕರೆಯುತ್ತಾರೆ.

ಆಮೇಲೆ ಹೊರಗಿನ ಕೋಣೆಯಲ್ಲಿ ಕಾಯುವುದು. ಎದೆಯ ಮೇಲೆ ಕಟ್ಟಿದ ನಂಬರು ಕೂಗುತ್ತಾರೆ. ಕೂಗಿದವನು ಉಳಿದ, ಕೂಗದವನು ಹೋದ. ಇಡೀ ತಂಡದಲ್ಲಿ ಒಂದೂ ನಂಬರು ಕೂಗದ ದಿನಗಳೂ ಇರುತ್ತವೆ.

"ಕಾಕಾ, ಆವಾಗ ನನಗ ನನ್ನ ನಂಬರೇ ಮರತು ಹೋಗಿತ್ತು. ಬಾಜೂದವ ತಿವಿದು ಎಬ್ಬಿಸಿದ," ಎಂದು ಹುಡುಗ ನನ್ನ ಮುಂದೆ ಹೇಳಿದ.

ಅಂದು ಸಂಜೆ ಅಂಗಡಿಗೆ ಫೋನು ಬಂತು. "ಅಪ್ಪಾ, ರೆಕಮೆಂಡ್ ಆಗೇನಿ."

ಅಪ್ಪ ಖುಷಿಯಿಂದ ಎದುರಿಗಿದ್ದ ಗಿರಾಕಿಗೆ ಹೇಳಿದರು. ಗಿರಾಕಿ ದನಿ ಇಳಿಸಿ ಕೇಳಿದ: "ಯಾರ ರೆಕಮೆಂಡೇಶನ್ರೀ ಸಾವ್ಕಾರ್ರ? ಎಮ್ಮೆಲ್ಲೆ ಸಾಹೇಬ್ರದ?"

ನಗಬೇಡಿ. ನಮ್ಮೂರಲ್ಲಿ ರೆಕಮೆಂಡ್ ಎಂಬ ಶಬ್ದಕ್ಕೆ ಇರುವ ಅರ್ಥ ಅದೊಂದೇ. ಈ ಕೆಲಸದಲ್ಲಿ ಮಾತ್ರ ಆ ಅರ್ಥ ನಡೆಯುವುದಿಲ್ಲ. ಇಲ್ಲಿ ರೆಕಮೆಂಡ್ ಎಂದರೆ, ಈ ಹುಡುಗನಲ್ಲಿ ಅಧಿಕಾರಿಯಾಗುವ ಗುಣ ಇದೆ ಎಂದು ಮಂಡಳಿ ಬರೆದು ಕೊಟ್ಟದ್ದು, ಅಷ್ಟೇ. ಸೇರಿಸಿಕೊಂಡರು ಎಂದಲ್ಲ. ಈ ಒಂದು ಶಬ್ದದ ಗೊಂದಲದಿಂದ ಎಷ್ಟು ಮನೆಗಳಲ್ಲಿ ಮುಂದೆ ಕಣ್ಣೀರು ಹರಿದಿದೆಯೋ!

ಕಿವ್ಯಾಗಿನ ಗುಗ್ಗಿ

ಮುಂದಿನದು ವೈದ್ಯರ ಸರದಿ. ತಲೆಯಿಂದ ಕಾಲಿನವರೆಗೆ ನಾಲ್ಕೈದು ದಿನ ಪರೀಕ್ಷೆ. ಕಣ್ಣು, ಹಲ್ಲು, ಎದೆಬಡಿತ, ಮೊಣಕಾಲು ಒಂದಕ್ಕೊಂದು ತಾಗುತ್ತದೆಯೇ, ಪಾದ ಚಪ್ಪಟೆಯೇ, ಬಣ್ಣ ಸರಿಯಾಗಿ ಗುರುತಿಸುವನೇ, ಎಲ್ಲ. ನಮ್ಮ ಹುಡುಗನನ್ನು ಹಿಡಿದದ್ದು ಯಾವುದು ಗೊತ್ತೇ? ಕಿವಿಯ ಗುಗ್ಗೆ! ಒಳಗಿನ ಪರದೆ ಕಾಣುವುದಿಲ್ಲ ಎಂದು ತಾತ್ಕಾಲಿಕವಾಗಿ ಅನರ್ಹ ಎಂದು ಬರೆದರು.

ಹೀಗಾದರೆ ಮೇಲ್ಮನವಿಗೆ ದಾರಿ ಇದೆ. 42 ದಿನದೊಳಗೆ, ಅವರು ಹೇಳಿದ ಸೈನಿಕ ಆಸ್ಪತ್ರೆಗೆ ಹೋಗಿ ಮತ್ತೊಮ್ಮೆ ತೋರಿಸಿಕೊಳ್ಳಬಹುದು. ಹುಡುಗ ಊರಿಗೆ ಬಂದು ಕಿವಿ ಡಾಕ್ಟರ ಹತ್ತಿರ ಹೋದ. ಐದು ನಿಮಿಷದ ಕೆಲಸ. ಆದರೆ ಆ ಐದು ನಿಮಿಷದ ಕೆಲಸಕ್ಕಾಗಿ ಮನೆಯವರು ವಾರಗಟ್ಟಲೆ ನಿದ್ದೆ ಕೆಟ್ಟರು. ಎರಡನೆಯ ಸಲ ಹೋದಾಗ ಅರ್ಹ ಎಂದರು.

ಈ ಮಾತನ್ನು ಓದುಗ ತಾಯ್ತಂದೆಯರು ಗಂಟು ಹಾಕಿಕೊಳ್ಳಬೇಕು. ಮಗನೋ ಮಗಳೋ ಈ ಪರೀಕ್ಷೆ ಬರೆಯುವುದಿದ್ದರೆ ಬೆಂಗಳೂರಿಗೆ ಕಳಿಸುವ ಮೊದಲೇ ಊರಿನ ಡಾಕ್ಟರಿಗೆ ಕಿವಿ, ಹಲ್ಲು, ಕಣ್ಣು ತೋರಿಸಿರಿ. ಕೈಬಿಡಬಾರದ ಕಾರಣಕ್ಕೆ ಕೈಬಿಟ್ಟರೆ ಆ ನೋವು ಬೇಗ ಆರುವುದಿಲ್ಲ.

ಪಾಟ್ಲಿಯ ಲೆಕ್ಕ

ಇದೇ ಹೊತ್ತಿಗೆ ಮನೆಯೊಳಗೆ ಇನ್ನೊಂದು ಕದನ. ಸಿಇಟಿಯಲ್ಲಿ ಹುಡುಗನಿಗೆ ನೆರೆ ಜಿಲ್ಲೆಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಸೀಟು ಬಂತು. ಫೀಸು, ಹಾಸ್ಟೆಲು ಸೇರಿ ಒಂದು ಲಕ್ಷದ ಮೇಲೆ. ಕಟ್ಟಬೇಕೋ ಬಿಡಬೇಕೋ?

ಕಟ್ಟಿದರೆ, ನಾಳೆ ಖಡಕವಾಸಲಾದ ಪತ್ರ ಬಂದಾಗ ಆ ದುಡ್ಡು ನೀರುಪಾಲು. ಸೀಟು ಬಿಟ್ಟವರಿಗೆ ಫೀಸು ವಾಪಸು ಕೊಡುವುದಕ್ಕೂ ಒಂದು ಗಡುವು ಇರುತ್ತದೆ, ಆ ಗಡುವು ದೆಹಲಿಯ ಲಿಸ್ಟಿಗಾಗಿ ಕಾಯುವುದಿಲ್ಲ. ಕಟ್ಟದಿದ್ದರೆ, ಪತ್ರ ಬರದೇ ಹೋದಾಗ ಒಂದು ವರ್ಷವೇ ನೀರುಪಾಲು.

ಅಪ್ಪ ಹೇಳಿದರು: "ರೆಕಮೆಂಡ್ ಆಗ್ಯಾನ, ಡಾಕ್ಟರೂ ಪಾಸ್ ಮಾಡ್ಯಾರ. ಇನ್ನ ಯಾಕ ರೊಕ್ಕಾ ಹಾಳ ಮಾಡೂದು?"

ಹುಡುಗನೂ ಅದನ್ನೇ ಹೇಳಿದ. ಅವನಿಗೆ ರೊಕ್ಕದ ಚಿಂತೆಗಿಂತ ಹೆಚ್ಚಾಗಿ, ಎರಡನೆಯ ಬಾಗಿಲು ತೆರೆದಿಟ್ಟರೆ ಮೊದಲನೆಯದು ಮುಚ್ಚಿಬಿಡುತ್ತದೆ ಎಂಬ ಅಂಜಿಕೆ.

ಅವ್ವ ಒಳಗಿನಿಂದ ಬಂದು ಕೈಯ ಪಾಟ್ಲಿ ತೆಗೆದು ಗಲ್ಲೆಯ ಮೇಲೆ ಇಟ್ಟಳು. "ಬರೂ ಪತ್ರ ಬರಲಿ. ಬಂದ ಸೀಟ್ ಬಿಡಬ್ಯಾಡ್ರಿ. ಇವನ್ನ ಅಡಾ ಇಡ್ರಿ."

ಆಕೆ ಓದಿದ್ದು ಏಳನೆಯ ತರಗತಿ. ಇಡೀ ಓಣಿಯಲ್ಲಿ ಲೆಕ್ಕ ಸರಿಯಾಗಿ ಮಾಡಿದವಳು ಆಕೆ ಒಬ್ಬಳೇ ಎಂದು ಮುಂದೆ ಗೊತ್ತಾಯಿತು.

ಪೇಡೆ, ಪಟಾಕಿ, ಫ್ಲೆಕ್ಸು

2024ರ ಅಕ್ಟೋಬರ್ ಕೊನೆಯ ವಾರ. ದೀಪಾವಳಿಯ ಗದ್ದಲ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹುಡುಗ ಹಾಸ್ಟೆಲಿನಿಂದ ಫೋನು ಮಾಡಿದ: "ಅಪ್ಪಾ, ಲಿಸ್ಟ್ ಬಂದೈತಿ. ನನ್ನ ಹೆಸರೈತಿ."

ಆ ಲಿಸ್ಟಿನಲ್ಲಿ ಇದ್ದದ್ದು 641 ಹೆಸರು. ಹುಡುಗನ ಹೆಸರು ಆರುನೂರರ ಆಸುಪಾಸಿನಲ್ಲಿ.

ನಂಬರು ಯಾರು ಕೇಳುತ್ತಾರೆ? ಹೆಸರಿದೆ ಎಂದರೆ ಆಯಿತು! ಅರ್ಧ ತಾಸಿನಲ್ಲಿ ಧಾರವಾಡ ಪೇಡೆ ಬಂತು, ಪಟಾಕಿ ಹಾರಿತು. ಮಾರನೆಯ ದಿನ ಸರ್ಕಲ್ಲಿನಲ್ಲಿ ಫ್ಲೆಕ್ಸು ಎದ್ದಿತು. "ಸೇನಾಧಿಕಾರಿಯಾಗಿ ಆಯ್ಕೆಯಾದ ನಮ್ಮ ಓಣಿಯ ಹೆಮ್ಮೆಯ ಪುತ್ರನಿಗೆ ಹಾರ್ದಿಕ ಅಭಿನಂದನೆಗಳು." ಹುಡುಗನ ಫೋಟೋ ನಡುವೆ, ಸುತ್ತಲೂ ಶುಭ ಕೋರುವ ಹನ್ನೊಂದು ಮಂದಿಯ ಫೋಟೋ. ಹುಡುಗನದಕ್ಕಿಂತ ಅವೇ ದೊಡ್ಡವು. ಅಪ್ಪನಿಗೆ ಶಾಲು ಹೊದಿಸಿ ಪಟಗ ಸುತ್ತಿದರು.

ಈಗ ಲೆಕ್ಕಕ್ಕೆ ಬರೋಣ. ಆ ಸಲ ಇದ್ದ ಜಾಗ 400. ಭೂಸೇನೆಗೆ 208, ನೌಕಾಪಡೆಗೆ 42, ವಾಯುಪಡೆಗೆ 120, ಉಳಿದ 30 ಕೇರಳದ ಏಳಿಮಲದ ನೌಕಾ ಅಕಾಡೆಮಿಗೆ. ಲಿಸ್ಟಿನಲ್ಲಿ ಹೆಸರು 641. ಹೀಗೇಕೆ? ಲಿಸ್ಟು ಮಾಡುವ ಕೇಂದ್ರ ಲೋಕಸೇವಾ ಆಯೋಗ ಲಿಖಿತ ಮತ್ತು ಸಂದರ್ಶನದ ಅಂಕ ಕೂಡಿಸಿ ಸಾಲಾಗಿ ಹೆಸರು ಬರೆಯುತ್ತದೆ, ಅಷ್ಟೇ. ವೈದ್ಯಕೀಯ ಪರೀಕ್ಷೆಯ ಫಲಿತಾಂಶವನ್ನು ಈ ಲಿಸ್ಟಿಗೆ ಲೆಕ್ಕ ಹಿಡಿದಿಲ್ಲ ಎಂದು ಅದರ ಪ್ರಕಟಣೆಯಲ್ಲಿಯೇ ಬರೆದಿರುತ್ತದೆ. ಮೇಲಿನಿಂದ ಒಬ್ಬೊಬ್ಬರನ್ನೇ ಕರೆಯುತ್ತಾ ಬರುತ್ತಾರೆ. ವೈದ್ಯರು ಬೇಡವೆಂದವರು, ತಾವಾಗಿಯೇ ಬಿಟ್ಟುಹೋದವರು, ಹೀಗೆ ಮೇಲೆ ಖಾಲಿಯಾದಷ್ಟು ಕೆಳಗಿನವರ ಪಾಳಿ ಬರುತ್ತದೆ. ಜಾಗ ತುಂಬಿತೆಂದರೆ ಮುಗಿಯಿತು.

ನಮ್ಮ ಬಸ್ ಪ್ರಯಾಣಿಕರಿಗೆ ಬೇಗ ತಿಳಿಯುವ ಹಾಗೆ ಹೇಳುವುದಾದರೆ, ಇದು ರಿಸರ್ವೇಶನ್ ಚಾರ್ಟಿನ ವೇಟಿಂಗ್ ಲಿಸ್ಟ್ ಇದ್ದಂತೆ. ಚಾರ್ಟಿನಲ್ಲಿ ಹೆಸರು ಇರುತ್ತದೆ. ಸೀಟು ಇರುತ್ತದೆಂದಲ್ಲ.

ಆ ಎರಡು ತಿಂಗಳು

ನವೆಂಬರ್ ಹೋಯಿತು. ಗಿರಾಕಿಗಳು ಕೇಳುವುದು ನಿಲ್ಲಿಸಲಿಲ್ಲ, ಮಾತು ಮಾತ್ರ ಬದಲಾಯಿತು. "ಯಾವಾಗ ಹೊಂಟ್ರಿ ಪುಣಾಕ್ಕ?"

ಹುಡುಗ ಹಾಸ್ಟೆಲಿನಲ್ಲಿ ರಾತ್ರಿ ಎದ್ದು ಮೊಬೈಲಿನಲ್ಲಿ ನೋಡುತ್ತಿದ್ದ. ಹಿಂದಿನ ಕಾಲದಲ್ಲಿ ತಂತಿ ಬರುತ್ತಿತ್ತು, ಟಪಾಲಿನವನು ಮನೆ ಮುಂದೆ ಸೈಕಲ್ ನಿಲ್ಲಿಸಿದರೆ ಎದೆ ಹಾರುತ್ತಿತ್ತು. ಆದರೆ ಟಪಾಲಿನವನು ದಿನಕ್ಕೊಮ್ಮೆ ಬರುತ್ತಿದ್ದ. ಅವನು ಹೋದ ಮೇಲೆ ನಾಳೆಯವರೆಗೆ ಮನಸ್ಸಿಗೆ ರಜೆ. ಈಗಿನ ಮೊಬೈಲಿಗೆ ರಜೆ ಇಲ್ಲ. ಗಳಿಗೆಗೊಮ್ಮೆ ನೋಡು, ಗಳಿಗೆಗೊಮ್ಮೆ ಸಾಯಿ.

ಡಿಸೆಂಬರಿನಲ್ಲಿ ಒಬ್ಬ ಆಸಾಮಿ ಅಂಗಡಿಗೆ ಬಂದ. ದೆಹಲಿಯಲ್ಲಿ ತನಗೆ ಗುರುತಿನವರಿದ್ದಾರೆ, ಎರಡು ಲಕ್ಷ ಕೊಟ್ಟರೆ ಪತ್ರ ಹೊರಡಿಸುತ್ತೇನೆ ಎಂದ. ಅಪ್ಪ ಒಂದು ರಾತ್ರಿ ಯೋಚಿಸಿದ್ದು ನಿಜ, ಅದನ್ನು ಅವರೇ ನನ್ನ ಮುಂದೆ ಒಪ್ಪಿಕೊಂಡರು. ಬೆಳಿಗ್ಗೆ ಫೋನಿನಲ್ಲಿ ಹುಡುಗನಿಗೆ ಹೇಳಿದಾಗ ಅವನು ಅಂದ: "ಅಪ್ಪಾ, ಮ್ಯಾಲಿಂದ ಸಾಲಾಗಿ ಕರೀತಾರ. ನಡುವ ತೂರಿಸಾಕ ಆಗಂಗಿಲ್ಲ. ಆದ್ರೂ ನನಗ ಹಂಗ ಹೋಗೂದು ಬ್ಯಾಡ." ಆಸಾಮಿ ಮತ್ತೆ ಬಂದಾಗ ಅವನಿಗೆ ಚಹಾ ಕೂಡ ಸಿಗಲಿಲ್ಲ.

ಅಂಥವರು ನಮ್ಮ ಜಿಲ್ಲೆಯಲ್ಲಿ ಇನ್ನೂ ತಿರುಗುತ್ತಾರೆ. ಯಾರೂ ಒಂದು ಪೈಸೆ ಕೊಡಬೇಡಿ.

2025ರ ಜನವರಿ 2ರಿಂದ ಖಡಕವಾಸಲಾದಲ್ಲಿ 153ನೆಯ ಕೋರ್ಸು ಶುರುವಾಗುವುದಿತ್ತು. ಆ ದಿನ ಬಂತು, ಹೋಯಿತು. ಪತ್ರ ಬರಲಿಲ್ಲ. ಹುಡುಗನಿಗೆ ಹದಿನೈದು ದಿನ ಮೊದಲೇ ತಿಳಿದಿತ್ತಂತೆ, ಅಪ್ಪನಿಗೆ ಹೇಳಲು ಧೈರ್ಯ ಬಂದಿರಲಿಲ್ಲ. ಅಪ್ಪನಿಗೂ ತಿಳಿದಿತ್ತಂತೆ, ಮಗನಿಗೆ ಹೇಳಲು ಧೈರ್ಯವಿರಲಿಲ್ಲ.

ಸರ್ಕಲ್ಲಿನ ಫ್ಲೆಕ್ಸು ಮಾತ್ರ ಎಲ್ಲರಿಗೂ ಕೈಮುಗಿಯುತ್ತಾ ನಿಂತೇ ಇತ್ತು. ಸಿದ್ಧೇಶ್ವರ ಜಾತ್ರೆ ಹತ್ತಿರ ಬಂದಿತ್ತು, ಹಳ್ಳಿಯಿಂದ ಬಂದವರೆಲ್ಲ ಅದನ್ನು ಓದಿಕೊಂಡು ಅಂಗಡಿಗೆ ಬಂದು ಕೈ ಕುಲುಕುವವರು! ಒಂದು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಸಾವ್ಕಾರರು ತಾವೇ ಏಣಿ ಹೊತ್ತುಕೊಂಡು ಹೋಗಿ ಅದನ್ನು ಬಿಚ್ಚಿ ತಂದರು. ಹನ್ನೊಂದು ಮಂದಿಯಲ್ಲಿ ಒಬ್ಬರೂ ಏಣಿ ಹಿಡಿಯಲು ಬರಲಿಲ್ಲ. ಕಟ್ಟುವಾಗ ಇದ್ದವರು ಬಿಚ್ಚುವಾಗ ಇರುವುದಿಲ್ಲ, ಅದು ಲೋಕದ ರೀತಿ.

ತಪ್ಪು ಯಾರದು?

ಹುಡುಗನದಲ್ಲ. ಲಕ್ಷಗಟ್ಟಲೆ ಮಕ್ಕಳು ಕೂಡುವ ಪರೀಕ್ಷೆಯಲ್ಲಿ 641ರ ಒಳಗೆ ನಿಂತವನು ಸೋತವನಲ್ಲ. ಆಯ್ಕೆ ಮಾಡುವವರದೂ ಅಲ್ಲ. ಜಾಗ ಎಷ್ಟು, ಕ್ರಮ ಹೇಗೆ ಎಂದು ಅವರು ಮೊದಲೇ ಬರೆದಿರುತ್ತಾರೆ. ತಪ್ಪು ನಮ್ಮದು, ಈ ಓಣಿಯವರದು, ಪತ್ರಿಕೆಯವರದೂ ಕೂಡ. ಲಿಸ್ಟು ಮತ್ತು ಪತ್ರ ಎರಡೂ ಒಂದೇ ಎಂದು ತಿಳಿದು ನಾವು ಮೆರೆದೆವು. ಮೆರವಣಿಗೆಯ ಖರ್ಚು ನಾವು ಕೊಟ್ಟೆವು, ನಾಚಿಕೆಯ ಖರ್ಚು ಆ ಮನೆಯವರು ಕೊಟ್ಟರು.

ವರ್ಷಕ್ಕೆ ಎರಡು ಸಲ ಈ ಪರೀಕ್ಷೆ ನಡೆಯುತ್ತದೆ. ವರ್ಷಕ್ಕೆ ಎರಡು ಸಲ ನಮ್ಮ ಜಿಲ್ಲೆಯ ಮನೆಗಳು ಕಾಯುತ್ತವೆ. ಈಗ ಹೆಣ್ಣುಮಕ್ಕಳ ಮನೆಗಳೂ ಕಾಯುತ್ತಿವೆ. 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಎನ್‌ಡಿಎ ಬಾಗಿಲು ಅವರಿಗೂ ತೆರೆಯಿತು, 2022ರಲ್ಲಿ ಮೊದಲ ತಂಡ ಒಳಗೆ ಹೋಯಿತು, 2025ರ ಮೇ 30ರಂದು ಆ ತಂಡದ 17 ಹುಡುಗಿಯರು ಪಾಸಾಗಿ ಹೊರಬಂದರು. ಅವರಿಗೆ ಮೀಸಲಾದ ಜಾಗ ಇನ್ನೂ ಕಡಿಮೆ, ಆದ್ದರಿಂದ ಕಾಯುವುದು ಇನ್ನೂ ಕಠಿಣ.

ಇಂಥ ಮನೆಯವರಿಗೆ ಈ ಅಂಕಣದ ಮೂರು ಮಾತು.

ಒಂದು, ಬಂದ ಸೀಟು ಬಿಡಬೇಡಿ. ಒಂದು ವರ್ಷದ ಫೀಸು ಹೋದರೆ ಮತ್ತೆ ದುಡಿಯಬಹುದು. ಹದಿನೆಂಟರ ಹುಡುಗ ಒಂದು ವರ್ಷ ಸುಮ್ಮನೆ ಗೋಡೆ ನೋಡುತ್ತಾ ಕುಳಿತರೆ ಕಳೆಯುವುದು ವರ್ಷ ಮಾತ್ರ ಅಲ್ಲ.

ಎರಡು, ಲಿಸ್ಟು ಬಂದಾಗ ಹೆಸರಿನ ಜೊತೆ ನಂಬರೂ ನೋಡಿರಿ, ಜಾಗ ಎಷ್ಟೆಂದೂ ನೋಡಿರಿ. ಜನನ ತಾರೀಖಿನ ದಾಖಲೆ, ಪಿಯುಸಿ ಅಂಕಪಟ್ಟಿ ಕೈಯಲ್ಲಿ ಇಟ್ಟುಕೊಂಡಿರಿ. ಕರೆ ಬಂದಾಗ ದಾಖಲೆಗಾಗಿ ಕಚೇರಿ ಕಚೇರಿ ಅಲೆಯುವುದು ಆಗಬಾರದು.

ಮೂರು, ಇದೇ ಕೊನೆಯ ಬಾಗಿಲು ಅಲ್ಲ. ಹತ್ತೊಂಬತ್ತೂವರೆ ವಯಸ್ಸಿನವರೆಗೆ ಎನ್‌ಡಿಎ ಮತ್ತೆ ಬರೆಯಬಹುದು. ಡಿಗ್ರಿ ಮುಗಿಸಿದವರಿಗೆ ಸಿಡಿಎಸ್ ಪರೀಕ್ಷೆ ಇದೆ, ಅದರಿಂದ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಗೂ ಚೆನ್ನೈನ ಅಧಿಕಾರಿ ತರಬೇತಿ ಅಕಾಡೆಮಿಗೂ ದಾರಿ ಇದೆ.

ಮತ್ತು ಗಿರಾಕಿ ಮಹಾಶಯರಿಗೆ ಒಂದೇ ಮಾತು. ಪತ್ರ ಬಂತೇನ್ರಿ ಎಂದು ದಿನಾ ಕೇಳಬೇಡಿ. ಬಂದರೆ ಅವರೇ ಹೇಳುತ್ತಾರೆ. ಸಕ್ಕರೆ ಕೇಳಿರಿ, ಶೇಂಗಾ ಕೇಳಿರಿ, ಮಳೆ ಬಂತೇನ್ರಿ ಎಂದು ಕೇಳಿರಿ.

ಹುಡುಗ 2025ರಲ್ಲಿ ಮತ್ತೊಮ್ಮೆ ಬರೆದ. ಲಿಖಿತ ದಾಟಿದ, ಮಂಡಳಿಯ ಮೊದಲ ದಿನದ ಜರಡಿಯಲ್ಲಿಯೇ ವಾಪಸಾದ. ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ, ಡಿಗ್ರಿ ಮುಗಿಸಿ ಸಿಡಿಎಸ್ ಬರೆಯುವವನಿದ್ದಾನೆ. ರಜೆಗೆ ಬಂದಾಗ ಬೆಳಗಿನ ಐದಕ್ಕೆ ಎದ್ದು ಗುಮ್ಮಟದ ಕಡೆ ಓಡುವುದನ್ನು ಬಿಟ್ಟಿಲ್ಲ. ಅವ್ವನ ಪಾಟ್ಲಿ ಬಿಡಿಸಿಕೊಂಡು ಬಂದಿದ್ದಾರೆ.

ಮೊನ್ನೆ ಅಂಗಡಿಗೆ ಹೋದಾಗ ಹಿಂದಿನ ಕೋಣೆಯಲ್ಲಿ ಶೇಂಗಾ ಚೀಲಗಳ ಮೇಲೆ ಆ ಫ್ಲೆಕ್ಸು ಹೊದಿಸಿದ್ದು ಕಂಡಿತು. ಸೋರುವ ಮಳೆನೀರಿಗೆ ಅಡ್ಡ. ಫೋಟೋ ಇರುವ ಮಗ್ಗುಲು ಒಳಗೆ.

"ಒಗದುಬಿಡಬೇಕಿತ್ತಲ್ಲರಿ ಸಾವ್ಕಾರ್ರ," ಎಂದೆ.

ಅವರು ತಕ್ಕಡಿಯ ಮುಳ್ಳನ್ನೇ ನೋಡುತ್ತಾ ಹೇಳಿದರು: "ಯಾಕ ಒಗೀಬೇಕ್ರಿ? ಮಾರಿ ನಮ್ಮ ಹುಡುಗಂದ ಐತಿ. ಪತ್ರ ಬಂದ ದಿವಸ ತಿರಿವಿ ಹಾಕಿದ್ರಾತು."